ಮೂತಿ ಹುಳದ ಕೀಲನ್ನು ಲೇಥಿನಲ್ಲಿ ಕಡೆದದ್ದು

ಪೀಣ್ಯದಲ್ಲಿ ನನ್ನದು ಎರಡು ಲೇಥಿನ (ರಾಡನ್ನು ತಿರುಗಿಸುತ್ತಾ ಕಡೆಯುವ ಮೆಷಿನ್) ಶೆಡ್ಡು. ರಾಜಾಜಿನಗರದ ಒಬ್ಬ ವಿಜ್ಞಾನ ಮೇಷ್ಟ್ರು ಫೋಟೊ ಹಿಡಿದು ಬಂದು, "ಈ ಹುಳದ ಕಾಲಿನ ಕೀಲು ನಟ್ಟು-ಬೋಲ್ಟು ಥರ ಇದೆ. ಮಕ್ಕಳಿಗೆ ತೋರಿಸೋಕೆ ನೂರು ಪಟ್ಟು ದೊಡ್ಡದಾಗಿ ಮಾಡಿಕೊಡ್ತೀರಾ?" ಅಂದರು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ.

ಹುಳದ ಹೆಸರು ಟ್ರೈಗೊನಾಪ್ಟೆರಸ್ ಆಬ್ಲಾಂಗಸ್. ನ್ಯೂಗಿನಿಯ ಕಾಡಿನ ಮೂತಿ ಹುಳ, ಅಂದರೆ ಉದ್ದ ಮೂತಿಯ ಜೀರುಂಡೆ; ಅಕ್ಕಿಕಾಳಿಗಿಂತ ಚಿಕ್ಕದು, ಹಾರಲು ಬರುವುದಿಲ್ಲ. ಜರ್ಮನಿಯ ವಿಜ್ಞಾನಿಗಳು ಎಕ್ಸ್‌ರೇ ಹಾಯಿಸಿ ನೋಡಿ 2011ರಲ್ಲಿ ಬರೆದದ್ದು ಇದು: ಮೈಗೆ ಅಂಟಿದ ಕಾಲಿನ ಬುಡವೇ ನಟ್ಟು, ಅದರೊಳಗೆ ಕೂರುವ ಮುಂದಿನ ತುಂಡು ಬೋಲ್ಟು. ನಟ್ಟಿನ ಒಳ ಥ್ರೆಡ್ (ಸುರುಳಿ ಗೆರೆ) 345 ಡಿಗ್ರಿ, ಬೋಲ್ಟಿನ ಹೊರ ಥ್ರೆಡ್ 410. ಅಂದರೆ ನಟ್ಟಿನಲ್ಲಿ ಒಂದು ಪೂರ್ತಿ ಸುತ್ತೂ ಇಲ್ಲ!

ಇಲ್ಲೇ ಕಷ್ಟ. ಲೇಥಿಗೆ ಥ್ರೆಡ್ ಹೊಡೆಯೋದು ಗೊತ್ತು, ಒಂದು ಸುತ್ತಿಗೆ ನಿಲ್ಲೋದು ಗೊತ್ತಿಲ್ಲ. ಅಸಲಿ ಸ್ಕ್ರೂ ಸುಮಾರು ಅರ್ಧ ಮಿಲಿಮೀಟರ್, ನನ್ನದು 50. ಪಿಚ್, ಅಂದರೆ ಒಂದು ಸುತ್ತಿಗೆ ಬೋಲ್ಟು ಸರಿಯುವ ದೂರ, 12 ಮಿಲಿಮೀಟರ್ ಅಂತ ನಾನೇ ಇಟ್ಟುಕೊಂಡೆ. ನೈಲಾನ್ ರಾಡ್ ಹಿಡಿದು, ಮೋಟರ್ ಆಫ್ ಮಾಡಿ, ರಾಡ್ ಹಿಡಿಯುವ ಚಕ್ ಅನ್ನು ಕೈಯಲ್ಲೇ ತಿರುಗಿಸಿ ಒಂದೊಂದು ಕಟ್ ತೆಗೆದೆ. ಉಳಿದ ಥ್ರೆಡ್ಡನ್ನು ಗುರುತು ಹಾಕಿ ಅರದಿಂದ ಉಜ್ಜಿ ತೆಗೆದೆ. ನಟ್ಟಿನ ಒಳಗಡೆ ಕಡೆಯೋಕೆ ಬೋರಿಂಗ್ ಬಾರ್. ಒಳಗೆ ಕಾಣಲಿ ಅಂತ ಒಂದು ಕಡೆ ಗೋಡೆ ಕತ್ತರಿಸಿದೆ. ನೈಲಾನ್ ಬಿಸಿಯಾದರೆ ಉಬ್ಬುತ್ತೆ, ಹಾಗಾಗಿ ಅಳತೆ ಮಾರನೇ ದಿನ ಬೆಳಗ್ಗೆ ತಗೊಂಡೆ.

ಎರಡು ಕಾಲಿನ ಜೋಡಿ ತಯಾರಾಯ್ತು. ಮೇಷ್ಟ್ರು ಎರಡನ್ನೂ ತಿರುಗಿಸಿ, "ಎರಡೂ ಒಂದೇ ಕಡೆ ತಿರುಗ್ತಿವೆಯಲ್ಲ? ಎಡಗಾಲು ಬಲಗಾಲಿಗೆ ಕನ್ನಡಿಬಿಂಬ ಆಗಬೇಕಲ್ವಾ?" ಅಂದರು. ಇಪ್ಪತ್ತು ವರ್ಷದ ಕೆಲಸ, ಉಲ್ಟಾ ತಿರುಗುವ ಲೆಫ್ಟ್ ಹ್ಯಾಂಡ್ ಥ್ರೆಡ್ ತಲೆಗೇ ಬಂದಿರಲಿಲ್ಲ! ಹಿಂಭಾಗದಲ್ಲಿ ತೋಡು ತೆಗೆದು, ಉಳಿಯನ್ನು ಸರಿಸುವ ಲೀಡ್ ಸ್ಕ್ರೂ ದಿಕ್ಕು ಬದಲಿಸಿ, ಚಕ್ಕಿನಿಂದ ಆಚೆಗೆ ಓಡಿಸಿ ಇನ್ನೊಂದು ಹೊಡೆದೆ.

ಹಿಂಗಾಲು 130 ಡಿಗ್ರಿ ತಿರುಗುತ್ತದಂತೆ. ನನ್ನ ಮಾಡೆಲ್‌ನಲ್ಲಿ ಅಷ್ಟು ತಿರುಗಿಸಿದರೆ ಬೋಲ್ಟು ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಒಳಗೆ ಸರಿಯುತ್ತೆ. ಬರೀ ತಿರುಗೋದಲ್ಲ, ಕಾಲು ಮೈಯೊಳಗೂ ಸೇರಿಕೊಳ್ಳುತ್ತೆ. ಅದು ನೋಡಿದಾಗಲೇ ನನಗೆ ಆ ಹುಳ ಅರ್ಥವಾದದ್ದು.

ತಪ್ಪಾದ ತುಂಡು ನನ್ನ ಬೆಂಚಿನ ಮೇಲೇ ಇದೆ. ಹೊಸ ಹುಡುಗರು ಬಂದರೆ ಅದನ್ನು ಕೈಗಿಟ್ಟು, ಇದು ಎಡಗಾಲೋ ಬಲಗಾಲೋ ಹೇಳಪ್ಪಾ ಅಂತ ಕೇಳ್ತೀನಿ.