ಕುಶಾವತಿ ಕಣಿವೆಯ ಕಲ್ಲುಗೆರೆಗಳು: ಬಸ್ಸು, ಪೊರಕೆ ಮತ್ತು ಒಂದು ಕೊಡ ನೀರಿನ ಅನುಭವ

ಬಂಡೆಯಲ್ಲಿ ಕೊರೆದ ಪುರಾತನ ಚಿತ್ರಗಳಿರುವ ದಕ್ಷಿಣ ಗೋವಾದ ಉಸಗಾಳಿಮಳಕ್ಕೆ ಹೋಗಿ ಬಂದ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರ ದೂರು ಒಂದೇ: ಚಕ್ರವ್ಯೂಹದ ಸುರುಳಿಯೊಂದನ್ನು ಬಿಟ್ಟರೆ ಅಲ್ಲಿ ಏನೂ ಕಾಣುವುದಿಲ್ಲ. ನೂರಕ್ಕೂ ಹೆಚ್ಚು ಆಕೃತಿಗಳಿರುವ ಬಂಡೆಯ ಮೇಲೆ ನಿಂತು ಏನೂ ಕಾಣಲಿಲ್ಲವೆಂದು ಮರಳುವುದು ಕಲ್ಲಿನ ದೋಷವಲ್ಲ, ಹೋದ ಹೊತ್ತಿನ ದೋಷ ಎಂದು ನಾನು ಹೇಳುತ್ತ ಬಂದಿದ್ದೆ. ಕಳೆದ ಚಳಿಗಾಲದಲ್ಲಿ ವಾಸ್ಕೋದ ಗೆಳೆಯರ ಗುಂಪೊಂದನ್ನು ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ಕರೆದೊಯ್ದು ಗೂಳಿ, ಜಿಂಕೆ, ನವಿಲು, ಕುಣಿಯುವ ಹೆಣ್ಣು ಎಲ್ಲವನ್ನೂ ಅವರ ಕಣ್ಣಿಗೆ ಕಾಣಿಸಿದ ಮೇಲೆ ನನ್ನ ಈ ಮಾತು ರುಜುವಾತಾಗಿದೆ. ಹೊರಡುವ ಮೊದಲು ಅವರಲ್ಲೊಬ್ಬರು, "ಬರೇ ಕಲ್ಲ ನೋಡಾಕ ಅಷ್ಟ ದೂರ ಯಾಕ್ರೀ ಸರ, ದೂಧಸಾಗರಕ್ಕ ಹೋಗೂಣಲ್ಲ," ಎಂದಿದ್ದರು. ಮುಂದಿನ ಸಲದ ಪಟ್ಟಿಯಲ್ಲಿ ಮೊದಲ ಹೆಸರು ಈಗ ಅವರದೇ.

ಜಾಗದ ಪರಿಚಯ ಚುಟುಕಾಗಿ ಹೀಗೆ. 1993ರಲ್ಲಿ ಬೆಳಕಿಗೆ ಬಂದ, ಕುಶಾವತಿಯ ದಂಡೆಯಲ್ಲೇ ಮಟ್ಟಸವಾಗಿ ಹರಡಿರುವ ಜಂಬಿಟ್ಟಿಗೆಯ (ತೂತುತೂತಾದ ಕೆಂಪು ಮುರಕಲ್ಲಿನ) ಹಾಸು ಅದು. ಪಣಸಾಯಮಳ ಎಂಬ ಹೆಸರೂ ಇದೆ. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಕೊಂಕಣದ ಶಿಲಾಚಿತ್ರಗಳಲ್ಲಿ ಗೋವಾದಿಂದ ಇರುವುದು ಇದೊಂದೇ ತಾಣ. ಉಳಿದವೆಲ್ಲ ರತ್ನಾಗಿರಿ ಮತ್ತು ಸಿಂಧುದುರ್ಗದವು. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದ್ದರಿಂದ ನಾನು ಆ ಚರ್ಚೆಗೆ ಇಳಿಯುವುದಿಲ್ಲ; ನನ್ನ ತಲೆಬಿಸಿ ಏನಿದ್ದರೂ ಆ ಗೆರೆಗಳನ್ನು ಕಾಣುವುದು ಹೇಗೆ ಎಂಬುದಷ್ಟೇ.

ಮೊದಮೊದಲು ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದೆ. ಮಡಗಾಂವದಿಂದ ಹೋಗಿ ಬರಲು ಎರಡೂವರೆಯಿಂದ ಮೂರು ಸಾವಿರ ಬೀಳುತ್ತಿತ್ತು. ಚಾಲಕನಿಗೆ ಸಂಜೆಯೊಳಗೆ ಹಿಂದಿರುಗುವ ಆತುರ ಇರುತ್ತಿದ್ದುದರಿಂದ ತಲುಪುವುದು ಯಾವಾಗಲೂ ನಡುಹಗಲಿಗೇ. ನೆತ್ತಿಯ ಮೇಲಿನ ಬಿಸಿಲಿಗೆ ಬೆರಳಗಲದ, ಹೆಚ್ಚು ಆಳವಿಲ್ಲದ ಗೆರೆಯಲ್ಲಿ ನೆರಳೇ ಹುಟ್ಟುವುದಿಲ್ಲ. ಆಗ ಹೊಳೆದ ಉಪಾಯಗಳಿಗೆ ಸುರಿದ ಹಣವೂ ಕಡಿಮೆಯಲ್ಲ. ಮೂರೂವರೆ ಸಾವಿರದ ಎಲ್‌ಇಡಿ ದೀಪದ ಹಲಗೆಯೊಂದನ್ನು ಕೊಂಡು ಹೊತ್ತೊಯ್ದೆ, ಹಗಲಿನ ಬೆಳಕಿನ ಮುಂದೆ ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ದೊಡ್ಡ ಕೊಡೆ ಹಿಡಿದು ಬಂಡೆಗೆ ನೆರಳು ಮಾಡಿ, ಪಕ್ಕದಿಂದ ಕನ್ನಡಿಯಲ್ಲಿ ಬಿಸಿಲನ್ನು ಹಾಯಿಸಿದಾಗ ಒಂದು ಗೂಳಿಯ ಬೆನ್ನು ಚೆನ್ನಾಗಿಯೇ ಎದ್ದು ಬಂತು. ಆದರೆ ಒಂದೊಂದು ಚಿತ್ರಕ್ಕೆ ಮೂವರು ಕಸರತ್ತು ಮಾಡಬೇಕಾದ ಆ ವಿಧಾನ ಗುಂಪಿಗೆ ಒಗ್ಗುವಂಥದ್ದಲ್ಲ. ಸೀಮೆಸುಣ್ಣ ಬಳಿದು ಫೋಟೋ ತೆಗೆಯುವವರೂ ಇದ್ದಾರೆ. ಸುಣ್ಣದ ಪುಡಿ ಜಂಬಿಟ್ಟಿಗೆಯ ತೂತುಗಳಲ್ಲಿ ಕೂತುಬಿಡುತ್ತದೆ, ಬಳಿಯುವವನ ಊಹೆಯೇ ಚಿತ್ರವಾಗಿಬಿಡುತ್ತದೆ; ಸರ್ಕಾರದ ರಕ್ಷಣೆಯಲ್ಲಿರುವ ತಾಣದಲ್ಲಿ ಅದು ಸಲ್ಲದ ಕೆಲಸ.

ಕೊನೆಗೆ ಫಲಿಸಿದ್ದು ನೀರು. ತಾಣದ ಕಾವಲುಗಾರರು ಬಂದವರಿಗೆ ತೋರಿಸಲು ಬಂಡೆಗೆ ನೀರು ಸುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಸುರಿದ ಕೂಡಲೇ ಇಡೀ ಬಂಡೆ ಕಪ್ಪಾಗುತ್ತದೆ, ಗೆರೆಯೂ ಬಯಲೂ ಒಂದೇ ಬಣ್ಣಕ್ಕೆ ತಿರುಗುತ್ತವೆ, ಜನ ಒಂದು ಫೋಟೋ ತೆಗೆದು ಮುಂದೆ ನಡೆಯುತ್ತಾರೆ. ಕಾಯಬೇಕಾದದ್ದು ಅದರ ನಂತರ. ಮೇಲ್ಮೈ ಬೇಗ ಆರುತ್ತದೆ, ಗೆರೆಯೊಳಗಿನ ತೇವ ಉಳಿಯುತ್ತದೆ. ಈ ನಡುವಿನ ಕೆಲವು ನಿಮಿಷಗಳಲ್ಲಿ ಕೆಂಪು ಕಲ್ಲಿನ ಮೇಲೆ ಕಡುಗಪ್ಪು ಗೆರೆಯಲ್ಲಿ ಇಡೀ ಪ್ರಾಣಿ, ಕೊಂಬಿನಿಂದ ಬಾಲದವರೆಗೆ, ತಾನಾಗಿ ಮೂಡುತ್ತದೆ. ಇದಕ್ಕೆ ಸಂಜೆಯ ಓರೆ ಬಿಸಿಲು ಜೊತೆಯಾದರೆ ಗೆರೆಯ ಒಂದು ಅಂಚು ಹೊಳೆಯುತ್ತದೆ, ಇನ್ನೊಂದು ನೆರಳಾಗುತ್ತದೆ. ಡಿಸೆಂಬರ್‌ನಲ್ಲಿ ಸುಮಾರು ನಾಲ್ಕು ಗಂಟೆಯಿಂದ ಮರಗಳ ನೆರಳು ಬಂಡೆಗೆ ಬರುವವರೆಗೆ ಈ ಅವಕಾಶ ಸಿಗುತ್ತದೆ. ಎಷ್ಟು ನೀರು, ಎಷ್ಟು ಹೊತ್ತು ಕಾಯಬೇಕು, ಯಾವ ಆಕೃತಿಯನ್ನು ಯಾವ ಮಗ್ಗುಲಿನಿಂದ ನೋಡಬೇಕು ಎಂಬ ಲೆಕ್ಕ ನನ್ನ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಬೇಕಾದವರು ಜೊತೆಗೆ ಬರಲಿ.

ಇಷ್ಟನ್ನಂತೂ ಹೇಳಬಹುದು: ನೀರು ಹಾಕುವ ಮೊದಲು ಕಾವಲುಗಾರರನ್ನು ಕೇಳಲೇಬೇಕು. ಮಳೆಗಾಲದಲ್ಲಿ ಹೊಳೆ ಏರಿ ಬಂಡೆಯ ಮೇಲೆ ಹರಿಯುವುದರಿಂದ ಹೂಳು ಗೆರೆಗಳಲ್ಲಿ ಕೂತಿರುತ್ತದೆ. ಅದನ್ನು ಮೃದುವಾದ ಹುಲ್ಲಿನ ಪೊರಕೆಯಿಂದ, ಅವರ ಒಪ್ಪಿಗೆಯ ಮೇಲೆ, ಗೆರೆಯ ಉದ್ದಕ್ಕೂ ಸವರಬೇಕೇ ಹೊರತು ಅಡ್ಡಕ್ಕಲ್ಲ. ತಂತಿ ಬ್ರಷ್ಷಿನ ಹೆಸರನ್ನೂ ಎತ್ತಬಾರದು. ಹೊಳೆಯ ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ ಹಾಕುತ್ತೇನೆ. ಸೋಸದಿದ್ದರೆ ಆರಿದ ಮೇಲೆ ಉಳಿಯುವ ಮಣ್ಣಿನ ತೆಳು ಪೊರೆ ಗೆರೆಯನ್ನು ಮುಚ್ಚುತ್ತದೆ. ಬಂಡೆಯ ಮೇಲೆ ಬರಿಗಾಲು ಕಡ್ಡಾಯ.

ಈ ಸಂಜೆಯ ಲೆಕ್ಕವೇ ಬಸ್ಸನ್ನು ಸಾಧ್ಯವಾಗಿಸಿತು. ನಡುಹಗಲಿಗೆ ಓಡಿ ತಲುಪುವ ಗರಜು ಇಲ್ಲವಾದ್ದರಿಂದ ಬೆಳಿಗ್ಗೆ ವಾಸ್ಕೋದಿಂದ ಮಡಗಾಂವ, ಅಲ್ಲಿಂದ ಕೇಪೆ ದಾಟಿ ರಿವಣ ಎಂದು ನಿಧಾನವಾಗಿ ಹೋಗಬಹುದು. ರಿವಣದಲ್ಲಿ ಜಂಬಿಟ್ಟಿಗೆಯಲ್ಲಿ ಕೊರೆದ, ಊರವರು ಪಾಂಡವರ ಗವಿ ಎನ್ನುವ ಬೌದ್ಧ ಗವಿಗಳನ್ನು ನೋಡಿ, ತಂದ ರೊಟ್ಟಿ ಬುತ್ತಿಯನ್ನು ಉಂಡು, ನೇತ್ರಾವಳಿಯ ದಿಕ್ಕಿಗೆ ನಡೆಯುತ್ತೇವೆ. ನನ್ನ ಅಂದಾಜಿನಲ್ಲಿ ಏಳೆಂಟು ಕಿಲೋಮೀಟರ್ ಇರಬಹುದು. ಹಳೆಯ ಗಣಿಗಳ ಸೀಮೆಯಾದ್ದರಿಂದ ದಾರಿಯುದ್ದಕ್ಕೂ ಕೆಂಪು ಧೂಳು. ಬಿಳಿ ಅಂಗಿ ಹಾಕಿಕೊಂಡು ಬಂದವರು ಅದನ್ನು ಮತ್ತೆ ಬಿಳಿಯಾಗಿ ಕಾಣುವುದಿಲ್ಲ. ಕೊನೆಯ ಇಳಿಜಾರು ಹೊಳೆಯ ಕಡೆಗೆ ಸುಲಭವಾಗಿಯೇ ಇಳಿಯುತ್ತದೆ.

ಇದೇ ಪ್ರಯೋಗವನ್ನು ಗೋವಾದಲ್ಲೇ ಇರುವ ಕಾಜೂರಿನ ದೂಧಾಫಾತರ್ ಎಂಬ ಕೊರೆದ ಚಿತ್ರಗಳ ಬಂಡೆಯ ಮೇಲೂ ಮಾಡಬೇಕೆಂದು ಹೊರಟಿದ್ದೆ. ಅದು ಗ್ರಾನೈಟ್, ನೀರನ್ನು ಹೀರುವುದಿಲ್ಲ, ಹಾಕಿದ್ದು ಜಾರಿ ಹೋಗುತ್ತದೆ, ಹಾಗಾಗಿ ತೇವದ ಉಪಾಯ ಅಲ್ಲಿ ನಡೆಯುವುದಿಲ್ಲ. ಮೇಲಾಗಿ ಊರವರಿಗೆ ಅದು ಪೂಜ್ಯವಾದ ಕಲ್ಲು, ಮುಟ್ಟದೇ ಇರುವುದೇ ಲೇಸು. ಮುಸ್ಸಂಜೆಯಲ್ಲಿ ನಾಲ್ಕುನೂರು ರೂಪಾಯಿಯ ಟಾರ್ಚನ್ನು ನೆಲಮಟ್ಟದಲ್ಲಿ ಹಿಡಿದು ದೂರದಿಂದ ಬೆಳಕು ಹಾಯಿಸಿದಾಗ ಪ್ರಾಣಿಗಳ ಆಕೃತಿಗಳು ಸಾಕಷ್ಟು ಕಂಡವು. ಉಡುಪಿ ಜಿಲ್ಲೆಯ ಬುದ್ಧನಜೆಡ್ಡಿನಲ್ಲಿ ಇಂಥವೇ ಚಿತ್ರಗಳಿರುವ ಬಂಡೆ ಜಂಬಿಟ್ಟಿಗೆಯೇ ಆದ್ದರಿಂದ ಅಲ್ಲಿ ನೀರಿನ ವಿಧಾನ ಫಲಿಸೀತೆಂಬ ನಂಬಿಕೆ ನನಗಿದೆ. ಆ ಕಡೆಯವರು ಸಂಬಂಧಪಟ್ಟವರ ಅನುಮತಿ ಪಡೆದು ನೋಡಲಿ.

ಹಿಂದಿರುಗುವುದೇ ಈ ಯೋಜನೆಯ ತೊಡಕು. ಬಂಡೆ ಬಿಡುವ ಹೊತ್ತಿಗೆ ಕತ್ತಲಾಗುತ್ತದೆ, ಆ ದಾರಿಯಲ್ಲಿ ಬಸ್ಸನ್ನು ನೆಚ್ಚುವಂತಿಲ್ಲ. ಬೆಳಿಗ್ಗೆಯೇ ರಿವಣದಲ್ಲಿ ಒಂದು ಗಾಡಿ ಗೊತ್ತುಮಾಡಿ, ಅರ್ಧ ಹಣವನ್ನು ಮಾತ್ರ ಕೊಟ್ಟು, ಉಳಿದದ್ದನ್ನು ಕೇಪೆ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಕೊಡುತ್ತೇನೆ. ಆರು ಜನ ಹಂಚಿಕೊಂಡರೆ ಬಸ್ಸು, ಗಾಡಿ, ಚಹಾ ಎಲ್ಲ ಸೇರಿ ತಲೆಗೆ ಮುನ್ನೂರರ ಆಸುಪಾಸು ಬರುತ್ತದೆ. ನಾಲ್ವರಿಗಿಂತ ಕಡಿಮೆ ಜನ ಇದ್ದಾಗ ಹೊರಡುವುದಿಲ್ಲ.