ಕೊಟ್ಟಿಗೆಯಿಂದ ಒಲೆಗೆ: ಗೋಬರ್ ಗ್ಯಾಸ್ ಘಟಕ ಕಟ್ಟಿ, ಸೋರದಂತೆ ನಡೆಸುವ ಬಗೆ

ಕಡಿಮೆ ಇಂಗಾಲದ ಇಂಧನಗಳ ಮಾತು ಬಂದಾಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್, ವಾಹನಗಳಿಗೆ ತುಂಬುವ ಜೈವಿಕ ಅನಿಲ, ಹಸಿರು ಹೈಡ್ರೋಜನ್ ಮೊದಲಾದವು ನೆನಪಾಗುತ್ತವೆ. ಅವೆಲ್ಲವೂ ಕಾರ್ಖಾನೆಗಳಲ್ಲಿ ಆಗಬೇಕಾದ ಕೆಲಸ. ಒಂದು ಕುಟುಂಬ ತನ್ನ ಹಿತ್ತಲಿನಲ್ಲೇ ತಯಾರಿಸಿ ತಾನೇ ಉರಿಸಬಹುದಾದ ಇಂಧನವೆಂದರೆ ಸಗಣಿಯಿಂದ ಬರುವ ಗೋಬರ್ ಗ್ಯಾಸ್. ದನ ಮೇಯ್ದ ಹುಲ್ಲು ಗಾಳಿಯಿಂದ ಹೀರಿಕೊಂಡಿದ್ದ ಇಂಗಾಲವೇ ಒಲೆಯಲ್ಲಿ ಉರಿದು ಗಾಳಿಗೆ ಮರಳುವುದರಿಂದ ವಾತಾವರಣಕ್ಕೆ ಹೊಸ ಹೊರೆ ಸೇರುವುದಿಲ್ಲ; ಅದೇ ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ನೆಲದಾಳದಲ್ಲಿ ಹುದುಗಿದ್ದ ಇಂಗಾಲವು ಸುಮಾರು 3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಆದರೆ ಗೋಬರ್ ಗ್ಯಾಸಿನ ಈ ಹಿರಿಮೆಗೆ ಒಂದು ಷರತ್ತಿದೆ, ಅದನ್ನು ಮುಂದೆ ನೋಡೋಣ.

ಕೆಲಸ ತಕ್ಕಡಿಯಿಂದ ಆರಂಭವಾಗಬೇಕು. ಒಂದು ವಾರ ಕಾಲ ಪ್ರತಿದಿನ ಕೊಟ್ಟಿಗೆಯಲ್ಲಿ ಸಿಗುವ ಸಗಣಿಯನ್ನು ತೂಗಿ ಬರೆದಿಡಬೇಕು. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಸಿಗುತ್ತದೆ, ಅಂದರೆ ಒಂದು ಘನ ಮೀಟರ್ (1,000 ಲೀಟರ್) ಗ್ಯಾಸಿಗೆ ದಿನಕ್ಕೆ 25 ಕೆ.ಜಿ. ಬೇಕು. ನಾಲ್ಕೈದು ಜನರ ಅಡುಗೆಗೆ ಸಾಕಾಗುವ, ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಘಟಕಕ್ಕೆ 50 ಕೆ.ಜಿ. ಹಾಕಬೇಕಾಗುತ್ತದೆ. ಕಟ್ಟಿಯೇ ಮೇಯಿಸುವ ಮಿಶ್ರತಳಿಯ ಹಸುಗಳಾದರೆ ಮೂರು ನಾಲ್ಕರಿಂದ ಇಷ್ಟು ಸಿಕ್ಕೀತು. ಹಗಲೆಲ್ಲ ಗುಡ್ಡದಲ್ಲಿ ಮೇಯುವ ಮಲೆನಾಡು ಗಿಡ್ಡ ತಳಿಯಾದರೆ ಅಷ್ಟೇ ದನಗಳಿಂದ ಅರ್ಧವೂ ಸಿಗಲಾರದು. ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿ ಅಳತೆ ನಿರ್ಧರಿಸುವ ರೂಢಿಯೇ, ನನ್ನ ದೃಷ್ಟಿಯಲ್ಲಿ, ಅನೇಕ ಘಟಕಗಳು ಹಾಳುಬೀಳಲು ಕಾರಣ.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ಇದಕ್ಕೆ ಒಳ್ಳೆಯ ನಿದರ್ಶನ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಅಲ್ಲಿ ಇಡೀ ಊರಿಗೆಂದು ಘಟಕ ಕಟ್ಟಿದಾಗ, ಊರಿನ ಸಗಣಿಯಿಂದ ಬರುವ ಗ್ಯಾಸ್ ಎಲ್ಲರ ಅಡುಗೆಗೆ ಸಾಲಲಿಲ್ಲ. ಬಳಿಕ 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಜೊತೆ ಎಂಜಿನ್‌ಗೆ ಕೊಟ್ಟು ವಿದ್ಯುತ್ ತಯಾರಿಸಿ, ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಒದಗಿಸಲಾಯಿತು. ಇದ್ದ ಸಗಣಿಗೆ ತಕ್ಕಂತೆ ಬಳಕೆಯನ್ನೇ ಬದಲಿಸಿಕೊಂಡಿದ್ದು ಅಲ್ಲಿನ ಜಾಣತನ.

ಅಳತೆ ನಿಶ್ಚಯವಾದ ಮೇಲೆ ಜಾಗ. ಅಡುಗೆಮನೆಗೆ ಹತ್ತಿರ, ಬಿಸಿಲು ಬೀಳುವಲ್ಲಿ, ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿ, ದೊಡ್ಡ ಮರಗಳ ಬೇರು ಬಾರದ ಕಡೆ ಗುಂಡಿ ತೋಡಬೇಕು. ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕುವುದಿದ್ದರೆ ಗುಂಡಿ ತೋಡುವ ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ತೇಲುವ ಕಬ್ಬಿಣದ ಡ್ರಮ್ಮಿನ ಹಳೆಯ ಮಾದರಿ ತುಕ್ಕು ಹಿಡಿಯುತ್ತದೆ, ದುಬಾರಿಯೂ ಹೌದು. 1984ರಲ್ಲಿ ಬಂದ ‘ದೀನಬಂಧು’ ಮಾದರಿಯಲ್ಲಿ ಗ್ಯಾಸ್ ಹಿಡಿದಿಡುವ ಇಟ್ಟಿಗೆಯ ಗುಮ್ಮಟ ನೆಲದೊಳಗೇ ಇರುತ್ತದೆ. ಗುಮ್ಮಟ ಕಟ್ಟುವುದು ಅನುಭವಸ್ಥ ಮೇಸ್ತ್ರಿಯ ಕೆಲಸ. ಮನೆಯ ಗೋಡೆ ಕಟ್ಟಿದವರೆಲ್ಲರಿಗೂ ಅದು ಒಗ್ಗುವುದಿಲ್ಲ. ಬಡಿದರೆ ಟಣ್ಣೆನ್ನುವ, ಚೆನ್ನಾಗಿ ಬೆಂದ ಇಟ್ಟಿಗೆಯನ್ನೇ ಆರಿಸಬೇಕು. ಗುಮ್ಮಟದ ಒಳಮೈಗೆ ಹಲವು ಸಲ ನುಣ್ಣನೆ ಗಾರೆ ಮಾಡಿಸಿ, ದಿನವೂ ನೀರುಣಿಸಿ ಗಟ್ಟಿಯಾಗಲು ಬಿಡಬೇಕು. ಈ ಹಂತದಲ್ಲಿ ಉಳಿಸಿದ ಒಂದು ಮೂಟೆ ಸಿಮೆಂಟು ಮುಂದೆ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಆ ಷರತ್ತು. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ ಸುಮಾರು 60 ಭಾಗ ಮೀಥೇನ್ ಎಂಬ ಉರಿಯುವ ಅನಿಲ. ಉರಿಯದೆ ಗಾಳಿ ಸೇರಿದ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಉರಿಸಿದರೆ ಸುಮಾರು 430 ಗ್ರಾಂ ಎಲ್‌ಪಿಜಿ ಉಳಿದು, 1.3 ಕೆ.ಜಿ.ಯಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುವುದು ತಪ್ಪುತ್ತದೆ. ಅದೇ ಒಂದು ಘನ ಮೀಟರ್ ಸೋರಿಹೋದರೆ 11 ಕೆ.ಜಿ.ಗೆ ಸಮನಾದ ಹಾನಿಯಾಗುತ್ತದೆ. ಹೀಗಾಗಿ ಉತ್ಪತ್ತಿಯ ಹತ್ತರಲ್ಲಿ ಒಂದು ಪಾಲು ಸೋರಿದರೂ ಎಲ್‌ಪಿಜಿ ಬಿಟ್ಟುದರಿಂದ ಆದ ಉಳಿತಾಯ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಗುತ್ತದೆ. ಪೈಪಿನ ಪ್ರತಿ ಕೂಡಿಕೆಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದೇ ಎಂದು ನೋಡುವುದು ಈ ಕಾರಣಕ್ಕೇ ಅತ್ಯಗತ್ಯ. ಪೈಪನ್ನು ಇಳಿಜಾರಾಗಿ ಹಾಯಿಸಿ, ಅತಿ ತಗ್ಗಿನ ಜಾಗದಲ್ಲಿ ನೀರು ತೆಗೆಯಲು ಒಂದು ನಲ್ಲಿ ಇಡಬೇಕು; ಇಲ್ಲವಾದರೆ ಒಳಗೆ ಕೂಡಿಕೊಂಡ ನೀರು ಒಲೆಯ ಉರಿಯನ್ನು ಕುಣಿಸುತ್ತದೆ.

ಮೊದಲ ಸಲ ತುಂಬುವಾಗ ಸಮಪ್ರಮಾಣದ ಸಗಣಿ ಮತ್ತು ನೀರನ್ನು ಕಲಸಿ, ಹುಲ್ಲುಕಡ್ಡಿ, ಕಲ್ಲು ತೆಗೆದು ಹಾಕಬೇಕು. ಹೀಗೆ ಕಲಸಿದ ಬಗ್ಗಡ ನಲವತ್ತು ದಿನ ಒಳಗಿರಬೇಕೆಂದು ಲೆಕ್ಕ ಹಿಡಿದರೆ, 2 ಘನ ಮೀಟರ್ ಘಟಕಕ್ಕೆ ಸುಮಾರು 2 ಟನ್ ಸಗಣಿ ಬೇಕಾಗುವುದರಿಂದ ಮೊದಲೇ ಕೂಡಿಡಬೇಕು. ನಡೆಯುತ್ತಿರುವ ಘಟಕವೊಂದರಿಂದ ಕೆಲವು ಬಕೆಟ್ ಬಗ್ಗಡ ತಂದು ಬೆರೆಸಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಮೊದಲು ಬರುವ ಗ್ಯಾಸಿನಲ್ಲಿ ಗಾಳಿ ಬೆರೆತಿದ್ದು, ಬೆಂಕಿ ತಾಗಿದರೆ ಸಿಡಿಯುವ ಅಪಾಯವಿರುವುದರಿಂದ ಅದನ್ನು ಹೊರಗೆ ಬಿಟ್ಟುಬಿಡಬೇಕು. ಎರಡು ಮೂರು ವಾರಗಳಲ್ಲಿ ಸರಿಯಾಗಿ ಉರಿಯುವ ಗ್ಯಾಸ್ ಬರುತ್ತದೆ. ಎಲ್‌ಪಿಜಿ ಒಲೆ ಇದಕ್ಕೆ ಹೊಂದದು. ಗೋಬರ್ ಗ್ಯಾಸಿಗೆಂದೇ ಮಾಡಿದ, ದೊಡ್ಡ ರಂಧ್ರದ ಒಲೆ ಬೇಕು.

ಯಾವ ಕಾರಣಕ್ಕೂ ಗುಂಡಿಯೊಳಗೆ ಯಾರೂ ಇಳಿಯಬಾರದು. ಖಾಲಿ ಎನಿಸಿದ ಗುಂಡಿಯಲ್ಲೂ ವಿಷಾನಿಲ ಇರಬಹುದು, ಆಮ್ಲಜನಕ ಇಲ್ಲದಿರಬಹುದು. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಜೀವ ಕಳೆದುಕೊಳ್ಳುತ್ತಾರೆ.

ದಿನನಿತ್ಯದ ಕೆಲಸ ಅರ್ಧ ಗಂಟೆಯದು. ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗುವುದು ಸಹಜ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ಅಷ್ಟಿಷ್ಟು ಸುಧಾರಿಸುತ್ತದೆ. ಗುಮ್ಮಟ ತುಂಬಿದ ಮೇಲೂ ಗ್ಯಾಸ್ ಬಳಸದಿದ್ದರೆ ಅದು ಬಗ್ಗಡ ಹೊರಬರುವ ತೊಟ್ಟಿಯಲ್ಲಿ ಗುಳ್ಳೆಯಾಗಿ ಹೊರಬೀಳುತ್ತದೆ, ಇದೂ ಸೋರಿಕೆಯೇ. ಮದುವೆಗೋ ಜಾತ್ರೆಗೋ ವಾರಗಟ್ಟಲೆ ಊರಿಗೆ ಹೋಗುವವರು ಕೆಲವು ದಿನ ಮೊದಲೇ ಸಗಣಿ ಹಾಕುವುದನ್ನು ಕಡಿಮೆ ಮಾಡಬೇಕು. ಹೊರಬಂದ ಬಗ್ಗಡವನ್ನು ಅಡಿಕೆ ಅಥವಾ ತೆಂಗಿನ ತೋಟಕ್ಕೆ ನೇರವಾಗಿ ಹಾಯಿಸಬಹುದು. ತರಗೆಲೆಯೊಂದಿಗೆ ಬೆರೆಸಿ ಗೊಬ್ಬರ ಮಾಡಿದರೆ ಸಾಗಿಸಲು ಸುಲಭ. ಮಳೆಗಾಲ ಮುಗಿದೊಡನೆ ವರ್ಷಕ್ಕೊಮ್ಮೆ ಮತ್ತೆ ಸೋಪಿನ ನೊರೆ ಹಿಡಿದು ಗುಮ್ಮಟದ ವಾಲ್ವಿನಿಂದ ಅಡುಗೆಮನೆಯ ತನಕ ಪರೀಕ್ಷಿಸಿ, ಒಲೆಯ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಅಂದೇ ಬದಲಿಸಬೇಕು.