ಹಕ್ಕಿ ಹಿಡಿಯದೆ ಗರಿ ಎಣಿಸಿದ ನನ್ನ ಅನುಭವ

ಹಕ್ಕಿ ಕೈಯಲ್ಲಿಲ್ಲದೆ ಮೋಲ್ಟ್ ಸ್ಕೋರ್ (ಹಳೆ ಗರಿ ಉದುರಿ ಹೊಸದು ಎಷ್ಟು ಬೆಳೆದಿದೆ ಅನ್ನುವ ಅಂಕ) ಕೊಡುವುದು ಸುಮ್ನೆ ಊಹೆ ಅಂತ ಹೇಳಿದವರೇ ಜಾಸ್ತಿ. 4 ವರ್ಷ ಹಿಡಿಯಿತು, ಆದರೆ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಅನ್ನುವ ಪುಟ್ಟ ಕಡಲಹಕ್ಕಿಗಳಲ್ಲಿ ನನಗೆ ಅದು ಕೈಗೂಡಿದೆ, ಅದೂ ಬರೀ ದೋಣಿಯಿಂದ ತೆಗೆದ ಫೋಟೋಗಳಲ್ಲಿ.

ಮೊದಲ 2 ವರ್ಷ ಹಾಕಿದ ದುಡ್ಡೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಅರ್ಧಕ್ಕಿಂತ ಜಾಸ್ತಿ ದೋಣಿ ಬಾಡಿಗೆಗೆ, ಉಳಿದದ್ದು ಉಪ್ಪುನೀರು ಹೊಕ್ಕ ಲೆನ್ಸಿನ ರಿಪೇರಿಗೆ. ಸುಮಾರು 6,000 ಫೋಟೋ ಇದ್ದವು, ಸ್ಕೋರ್ ಮಾಡಲು ಬಂದದ್ದು 200 ಕೂಡ ಇಲ್ಲ. ಕಪ್ಪು ಹಕ್ಕಿ, ಹಿಂದೆ ಹೊಳೆಯುವ ನೀರು, ರೆಕ್ಕೆ ಪೂರ್ತಿ ಮಸಿ ಬಳಿದಂತೆ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಅರ್ಧ ಮಡಚಿದ ರೆಕ್ಕೆಯಲ್ಲಿ ಒಂದರಡಿ ಒಂದು ಸೇರಿಕೊಂಡ ಗರಿಗಳನ್ನು ಉದುರಿವೆ ಅಂತ ಬರೆದುಕೊಂಡಿದ್ದೆ. ಒಂದಿಡೀ ಸೀಸನ್ನಿನ ಲೆಕ್ಕ ಎಸೆದೆ.

ಈಗ ಒಂದೇ ಹಕ್ಕಿಯ ಕನಿಷ್ಠ 3 ಫ್ರೇಮ್ ಇಲ್ಲದಿದ್ದರೆ ಮುಟ್ಟುವುದೇ ಇಲ್ಲ. ಗರಿ ಉದುರಿದ ಗ್ಯಾಪ್ ಮೂರರಲ್ಲೂ ಅದೇ ಜಾಗದಲ್ಲಿ ಕಾಣಬೇಕು. ತಾರೀಕು ಮುಚ್ಚಿಟ್ಟು ಸ್ಕೋರ್ ಮಾಡುತ್ತೇನೆ, ಜುಲೈ ಅಂತ ಗೊತ್ತಾದರೆ ಕಣ್ಣು ತಾನಾಗಿ ಹೊಸ ಗರಿ ಹುಡುಕುತ್ತದೆ ಅಲ್ವಾ? 50ರ ಸ್ಕೋರನ್ನು (ರೆಕ್ಕೆ ತುದಿಯ 10 ದೊಡ್ಡ ಗರಿ, ಅಂದರೆ ಪ್ರೈಮರಿಗಳಿಗೆ, ತಲಾ 5ರವರೆಗೆ ಅಂಕ) ಹಾಗೇ ಗ್ರಾಫಿಗೆ ಹಾಕಬೇಡಿ. ಹೊರಗಿನ ಗರಿಗಳು ದೊಡ್ಡವು, ಬೆಳೆಯಲು ದಿನ ಜಾಸ್ತಿ ಬೇಕು, ಸ್ಕೋರನ್ನು ಹೊಸದಾಗಿ ಬೆಳೆದ ಗರಿಯ ತೂಕದ ಪಾಲಿಗೆ ಬದಲಿಸಿದ ಮೇಲೇ ನನ್ನ ಗೆರೆ ನೆಟ್ಟಗಾದದ್ದು. ಬೆಳಕಿಗೆ ದೋಣಿ ಹೇಗೆ ತಿರುಗಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆಮೇಲೆ ನೋಡಿ, ಎರಡು ಗುಂಪು ಸ್ಪಷ್ಟವಾಗಿ ಬೇರೆಯಾದವು! ಮೇ ಹೊತ್ತಿಗೆ ಒಂದು ಗುಂಪು ಒಳಗಿನ 4-5 ಪ್ರೈಮರಿ ಬದಲಿಸಿಯಾಗಿದೆ, ಇನ್ನೊಂದು ಆಗಷ್ಟೇ ಶುರು ಮಾಡಿದೆ. ಮೊದಲಿನವು ಇನ್ನೂ ಗೂಡು ಮಾಡದ ಎಳೆಯ ಹಕ್ಕಿಗಳು. ಅಂಟಾರ್ಕ್ಟಿಕಾ ಕಡೆ ಮರಿ ಸಾಕಿ ಅಷ್ಟು ದೂರ ಹಾರಿ ಬಂದವು ತಡ. ಆ ವರ್ಷದ ಮರಿಗಳದ್ದು ಹೊಸ ರೆಕ್ಕೆ, ಅವುಗಳನ್ನು ಲೆಕ್ಕದಿಂದ ಬಿಟ್ಟೆ.

ನಡುವೆ ದಡಕ್ಕೆ ಬಂದು ಬಿದ್ದಿದ್ದ ಸತ್ತ ಶಿಯರ್‌ವಾಟರ್ ಅನ್ನುವ ಬೇರೊಂದು ಕಡಲಹಕ್ಕಿಯ ಗರಿ ಹಿಡಿದು ಬೆಳವಣಿಗೆಯ ಪಟ್ಟಿ ಎಣಿಸಲು ಕೂತೆ. ಒಂದು ಗಾಢ, ಒಂದು ತಿಳಿ, ಎರಡೂ ಸೇರಿದರೆ ಸುಮಾರು ಒಂದು ದಿನ. 3 ಸಂಜೆ ಹೋಯಿತು, ಓರೆ ಬೆಳಕಿನಲ್ಲಿ 40ರ ಆಸುಪಾಸು ಸಿಕ್ಕಿತು. ನನ್ನ ಲೆಕ್ಕಕ್ಕೆ ಅದು ಬೇಕಿರಲಿಲ್ಲ, ಆದರೂ ಖುಷಿಯಾಯಿತು.

ಹೋದ ವರ್ಷ, ಅನುಮಾನ ಪಟ್ಟಿದ್ದವರೊಬ್ಬರು ತಾವು ಬಲೆಯಲ್ಲಿ ಹಿಡಿದು ಸ್ಕೋರ್ ಮಾಡಿ ಬಿಟ್ಟ ಹಕ್ಕಿಗಳು ಹಾರಿಹೋಗುವ ಫೋಟೋ ಕಳಿಸಿದರು. 12 ಇದ್ದವೋ 13 ಇದ್ದವೋ. 9ರಲ್ಲಿ ನನ್ನ ಸ್ಕೋರಿಗೂ ಅವರದಕ್ಕೂ 2 ಅಂಕದ ಒಳಗೇ ವ್ಯತ್ಯಾಸ. ತಪ್ಪಿದವೆಲ್ಲ ಪಿ10 (ತೀರಾ ಹೊರಗಿನ ಪ್ರೈಮರಿ) ಅರ್ಧ ಬೆಳೆದವು. ಈ ಸೀಸನ್ ಅದರ ಬೆನ್ನು ಹತ್ತಿದ್ದೇನೆ.